ನಾಲ್ಕು ದಿನದ ಹೊಳಪು

ಕಾರ್ತಿಕದ ತುಳಸಿ ಲಗ್ನದ ಹಬ್ಬ ಮುಗಿದ ಮರುದಿನ, ನಿಪ್ಪಾಣಿಯ ಜವಳಿ ಅಂಗಡಿಯ ಮಾಲೀಕ ಸಂಭಾಜಿ ಶೇಟ, ಹನ್ನೊಂದು ವರ್ಷ ಗಾದಿಯ ಮೇಲೆ ಕೂತು ಸೀರೆ ತೋರಿಸಿದ್ದ ಸೀಮಾಳನ್ನು ಮುಖದ ಮೊಡವೆಯ ಕಾರಣಕ್ಕೆ ಎಬ್ಬಿಸಿ ಮೇಲಿನ ಗೋದಾಮಿಗೆ ಕಳಿಸಿದ.

ಹಿಂದಿನ ಸಂಜೆ ಅಥಣಿ ಕಡೆಯ ಗಿರಾಕಿಯೊಬ್ಬಳು, ಸೀಮಾ ತನ್ನ ಹೆಗಲ ಮೇಲೆ ಹಾಕಿ ತೋರಿಸಿದ ಸೀರೆಯನ್ನು ಎರಡೇ ಬೆರಳಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದ್ದಳು. “ಬ್ಯಾರೆದು ಬಿಚ್ರಿ. ಆಕಿ ಮಾರಿ ಮ್ಯಾಲಿಂದು ಅಂಟೂ ರೋಗ ಇದ್ದೀತು.” ಶೇಟ ಹಣದ ಗಲ್ಲೆಯ ಮುಂದೆ ಕೂತು ಹಲ್ಲು ಕಿರಿದ. ಅವನ ಮೂಗಿನ ಮೇಲೆ ಹಣ್ಣಾದ ಗುಳ್ಳೆಯೊಂದಿತ್ತು. ಅದನ್ನು ಯಾರೂ ಗೋದಾಮಿಗೆ ಕಳಿಸಲಿಲ್ಲ.

“ಗಂಡಸರ ಮೊಡವಿ ಮುಹೂರ್ತಾ ನೋಡಿ ಏಳ್ತಾವೇನ ಬೇ?” ಎಂದು ಅಂಗಡಿ ಕಸ ಹೊಡೆಯುವ ತುಳಸವ್ವ ಗೋದಾಮಿನ ಮೆಟ್ಟಿಲ ಮೇಲೆ ನಿಂತು ಕೇಳಿದಳು. ಸೀಮಾಳಿಗೆ ನಗಬೇಕೆನ್ನಿಸಿತು. ಆದರೆ ನಕ್ಕರೆ ಕೆನ್ನೆ ಬಿರಿಯುತ್ತಿತ್ತು.

ಅವಳಿಗೆ ಮೂವತ್ತೆರಡು. ದಿನಾ ಕೊಗನೊಳ್ಳಿಯಿಂದ ಬಸ್ಸು ಹಿಡಿದು ಬರುವವಳು. ಹದಿನಾರರಲ್ಲಿ ಎದ್ದ ಮೊಡವೆ ವಯಸ್ಸಿನದು ಅಂದರು. ಲಗ್ನವಾದ ಮೇಲೆ ಹೋಗುತ್ತವೆ ಅಂದರು, ಲಗ್ನವಾಯಿತು. ಹಡೆದ ಮೇಲೆ ಹೋಗುತ್ತವೆ ಅಂದರು, ಮಗಳಿಗೆ ಈಗ ಆರು ವರ್ಷ. ತಾಯಿ ಸಕ್ಕುಬಾಯಿ ಜಾಜಿಕಾಯಿ ತೇಯ್ದಳು, ಬೇವು ಅರೆದಳು, ನಿಂಬೆರಸ ಹಚ್ಚಿ ಸುಟ್ಟಳು. ಶೇಂಗಾ ಬಿಡು, ಎಣ್ಣೆ ಬಿಡು, ಹೊಟ್ಟೆ ಸ್ವಚ್ಛ ಇಟ್ಟುಕೋ: ಬಡವರ ಮುಖಕ್ಕೆ ಬುದ್ಧಿ ಹೇಳುವವರಿಗೆ ಎಂದೂ ಬರವಿಲ್ಲ, ಚರ್ಮದ ಡಾಕ್ಟರಿಗೆ ಮಾತ್ರ ಬರ.

ಎರಡು ವರ್ಷದ ಹಿಂದೆ ಶೇಟನ ಹೆಂಡತಿ, ಎಲ್ಲರೂ ವೈನಿ ಎನ್ನುವ ಆಕೆ, ಪಕ್ಕದ ಮೆಡಿಕಲ್‌ನಿಂದ ಒಂದು ಟ್ಯೂಬು ತರಿಸಿ ಕೊಟ್ಟಿದ್ದಳು. “ಹಚ್ಚಿ ನೋಡ. ನಾಕ ದಿನದಾಗ ಮಾರಿ ಕನ್ನಡಿ ಆಗ್ತೈತಿ.” ಆಯಿತು. ಗುಳ್ಳೆ ಇಂಗಿದವು, ಬಣ್ಣ ತಿಳಿಯಾಯಿತು. ಆ ಹಂಗಾಮಿನಲ್ಲಿ ಅವಳು ಹೆಗಲ ಮೇಲೆ ಹಾಕಿ ತೋರಿಸಿದ ಸೀರೆಯಲ್ಲಿ ಒಂದೂ ವಾಪಸು ಕಪಾಟಿಗೆ ಹೋಗಲಿಲ್ಲ. ಆಮೇಲೆ ಒಂದು ದಿನ ಹಚ್ಚುವುದು ತಪ್ಪಿದರೂ ಮುಖ ಉರಿಯತೊಡಗಿತು. ಬಿಸಿಲಿಗೆ ಹೋದರೆ ಕೆಂಪು, ಒಲೆಯ ಮುಂದೆ ಕೂತರೆ ಕೆಂಪು. ಹಳೆಯ ಮೊಡವೆ ದವಡೆಯ ಗುಂಟ ಮಾತ್ರ ಇದ್ದವು. ಹೊಸವು ಇಡೀ ಕೆನ್ನೆ ತುಂಬಿದವು.

ದೀಪಾವಳಿಯ ಮುಂಚೆ ಅವಳು ಒಂದು ದಿನದ ಸೂಟಿ ಹಾಕಿ ಚಿಕ್ಕೋಡಿಯ ದವಾಖಾನೆಗೆ ಹೋದಳು. ಅಲ್ಲಿಯ ಚರ್ಮದ ಡಾಕ್ಟರ್ ದಾನೇಶ್ವರಿ ಟ್ಯೂಬನ್ನು ತಿರುಗಿಸಿ ನೋಡಿದರು.

“ಚೀಟಿ ಯಾರ್ ಬರಕೊಟ್ರವಾ ಇದಕ್ಕ?”

“ಚೀಟಿ ಯಾರೂ ಕೇಳಂಗಿಲ್ರಿ.”

“ಇದರಾಗ ಸ್ಟಿರಾಯ್ಡ್ ಐತಿ. ಮೊದಲ ಹೊಳಪ ಕೊಡ್ತೈತಿ, ಆಮ್ಯಾಲೆ ಚರ್ಮಾನ ತೆಳ್ಳಗ ಮಾಡ್ತೈತಿ. ಇವತ್ತಿಂದ ಬಂದ್. ಬಿಟ್ಟ ಮ್ಯಾಲೆ ಒಂದೆರಡು ತಿಂಗಳು ಇನ್ನೂ ಕೆಟ್ಟ ಕಾಣ್ತೈತಿ. ಆಗ ಹೆದರಿ ಮತ್ತ ಹಚ್ಕೊಂಡ್ಯೋ, ಎಲ್ಲಾ ಮೊದಲಿಂದ.”

ಬಾವು ಇಳಿಯಲು ಗುಳಿಗೆ ಬರೆದರು. ಉರಿ ತಣಿದ ಮೇಲೆ ಬೇರೆ ಮುಲಾಮು, ರಾತ್ರಿ ಬಟಾಣಿಯಷ್ಟೇ. ಮುಟ್ಟು ಸರಿಯಾಗಿ ಆಗುತ್ತದೆಯೇ ಎಂದು ಕೇಳಿದರು. ಇಲ್ಲವೆಂದಾಗ ರಕ್ತ ಪರೀಕ್ಷೆಗೆ ಬರೆದು, ಇದು ಹಾರ್ಮೋನಿನ ಏರುಪೇರಿದ್ದರೆ ಅದಕ್ಕೆ ಬೇರೆ ಗುಳಿಗೆ ಇವೆ ಎಂದರು. ಯಾವುದೂ ನಡೆಯದಿದ್ದರೆ ಕೊನೆಗೊಂದು ಜೋರಿನ ಕ್ಯಾಪ್ಸೂಲು, ಅದನ್ನು ನುಂಗುವಾಗ ಬಸಿರಾಗಲೇಬಾರದು. ಹದಿನಾರು ವರ್ಷದಲ್ಲಿ ಅವಳ ಮೊಡವೆಯ ಬಗ್ಗೆ ಯಾರಾದರೂ ಅವಳನ್ನೇ ಕೇಳಿದ್ದು ಅದೇ ಮೊದಲು.

ಟ್ಯೂಬು ಬಿಟ್ಟಳು. ಮುಖ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಕೆರಳಿತು. ಮಗಳು ಕೆನ್ನೆಗೆ ಕೆನ್ನೆ ಒತ್ತಲು ಬಂದರೆ “ಬ್ಯಾಡವಾ, ಉರಿತೈತಿ” ಅನ್ನಬೇಕಾಯಿತು. ಹಾಗೆ ಉರಿಯುತ್ತಿರುವಾಗಲೇ ಅವಳನ್ನು ಗಾದಿಯಿಂದ ಎಬ್ಬಿಸಿದ್ದು.

ಗೋದಾಮಿಗೆ ಕಿಟಕಿಯಿಲ್ಲ. ಗಂಜಿಯ ವಾಸನೆಯಲ್ಲಿ ಸೀರೆ ಮಡಚುತ್ತ ಹತ್ತು ದಿನ ಕಳೆದಳು. ಕೆಳಗೆ ಬಸ್ತಾದ ಗದ್ದಲ ಕೇಳುತ್ತಿತ್ತು. ಮದುವೆ ಬಟ್ಟೆಗೆಂದು ಇಡೀ ಮನೆತನ ಟೆಂಪೋ ತುಂಬಿಕೊಂಡು ಬರುವುದಕ್ಕೆ ಇಲ್ಲಿ ಬಸ್ತಾ ಅನ್ನುತ್ತಾರೆ. ಯಾವ ಅತ್ತಿಗೆಗೆ ಯಾವ ಅಂಚು, ಮುನಿಸಿಕೊಂಡ ಯಾವ ಸೋದರತ್ತೆಗೆ ಎಷ್ಟು ಜರಿ, ಇದನ್ನು ಅರಿತವಳು ಸೀಮಾ ಒಬ್ಬಳೇ. ಅದು ಅವಳ ವಿದ್ಯೆ.

ಸೋಮವಾರ ಶೇಟ ಕೆಳಗೆ ಕರೆಸಿದ.

“ಶಿರಗುಪ್ಪಿಯವರದು ಫೋನ್ ಬಂದಿತ್ತು. ಗುರುವಾರ ಬಸ್ತಾಕ್ಕ ಬರ್ತಾರಂತ. ಅವರ ಅಜ್ಜಿ ‘ಸೀಮಾನ ತೋರಸ್ಬೇಕು’ ಅಂತ ಹಟಾ ಹಿಡದಾಳ.”

“ತೋರಸ್ತೀನ್ರಿ ಶೇಟ.”

“ಈ ಮಾರಿ ತಗೊಂಡಾ?” ಎಂದಳು ವೈನಿ. ಹೊಸ ಟ್ಯೂಬೊಂದನ್ನು ಗಲ್ಲೆಯ ಮೇಲಿಟ್ಟು ಮುಚ್ಚಳ ತಿರುವಿದಳು. “ಇವತ್ತಿಂದ ಹಚ್ಚು. ಗುರುವಾರಕ್ಕ ಬರೋಬ್ಬರಿ ಆಗ್ತೀದಿ. ಆಮ್ಯಾಲೆ ಗಾದಿ ನಿಂದ.”

ನಾಲ್ಕೇ ದಿನ. ಬಸ್ತಾ ಮುಗಿದ ಮೇಲೆ ಮತ್ತೆ ಬಿಡಬಹುದು. ಆ ಮುಲಾಮಿನ ತಂಪು ಅವಳಿಗೆ ಗೊತ್ತಿತ್ತು, ಕೆನ್ನೆ ಅದಕ್ಕಾಗಿ ಅಳುತ್ತಿತ್ತು. ಕೈ ತಾನಾಗಿ ಮುಂದೆ ಹೋಯಿತು. ವೈನಿ ಅವಳ ತೋರುಬೆರಳಿನ ತುದಿಗೆ ತೊಗರಿ ಕಾಳಿನಷ್ಟು ಬಿಳಿ ಮುಲಾಮು ಹಿಂಡಿದಳು.

“ಹಾಂ, ಶಾಣ್ಯಾಕಿ. ನೀಲಮ, ನೀನೂ ಬಾ ಇಲ್ಲೆ. ನಿನ್ನ ಹಣಿ ಮ್ಯಾಲೆ ಎರಡ ಎದ್ದಾವ. ಸೀಮಾ, ಮೊದಲ ಆಕಿಗೆ ಹಚ್ಚು. ನಾ ಹೇಳಿದ್ರ ಹುಡುಗಿ ಹೆದರ್ತಾಳ.”

ನೀಲಮ ಮುಗಳಖೋಡದ ಹುಡುಗಿ, ಇನ್ನೂ ಹತ್ತೊಂಬತ್ತು. ಸೀಮಾಳ ಜಾಗಕ್ಕೆ ಬಂದು ಹತ್ತು ದಿನವಾಗಿತ್ತು. ಅವಳು ಕೂದಲು ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಹಣೆಯನ್ನು ಮುಂದೆ ಚಾಚಿದಳು. “ಅಕ್ಕಾ, ಉರಿಯಂಗಿಲ್ಲಲ್ಲ?”

ಆ ಹಣೆ ಹೂವಿನ ಹಾಗಿತ್ತು. ಸೀಮಾಳ ಬೆರಳು ಅರ್ಧ ದಾರಿಯಲ್ಲಿ ನಿಂತಿತು. ಅವಳು ಬೆರಳನ್ನು ಗಲ್ಲೆಯ ಅಂಚಿಗೆ ಒರೆಸಿದಳು.

“ಉರಿತೈತಿ ನೀಲಮ. ಈಗಲ್ಲ, ಎರಡ ವರ್ಷದ ಮ್ಯಾಲೆ. ನನ್ನ ಮಾರಿ ನೋಡ, ಇದನ್ನ ಮಾಡಿದ್ದು ಈ ಟ್ಯೂಬ್.”

“ಏ, ನಾಲಿಗಿ ಬಿಗಿ ಹಿಡಿ!” ಶೇಟ ಎದ್ದು ನಿಂತ. “ಹಚ್ತೀಯೋ ಇಲ್ಲೋ?”

“ಆಕಿಗೆ ಹಚ್ಚಂಗಿಲ್ರಿ. ನಾನೂ ಹಚ್ಕೊಳ್ಳಂಗಿಲ್ಲ.”

“ಹಂಗಾರ ಮ್ಯಾಲೆ ನಡಿ. ಗುರುವಾರ ಕೆಳಗ ಕಾಲಿಟ್ಟೀ ನೋಡು.”

ಸೀಮಾ ಚಪ್ಪಲಿ ಕಳಚಿ ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂತಳು. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ನಿಂತು ನೋಡುತ್ತಿದ್ದರು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳಲಿಲ್ಲ.

“ಹೋಗಂಗಿಲ್ರಿ,” ಎಂದಳು.