ಗೀರು ಬಿದ್ದ ಕೊಳವೆ

ಚಿಕ್ಕಮ್ಮ ಬಾಯ್ಲರ್ ಕೋಣೆಯಲ್ಲೇ ತಲೆ ನರೆಸಿಕೊಂಡವಳು. ಅಕ್ಕನ ಮಗಳು ಓದಿ ವಿಜ್ಞಾನಿಯಾಗಿ ಲೋಹಗಳ ಪ್ರಯೋಗಾಲಯ ಸೇರಿದ ಮೇಲೆ, ಕುಲುಮೆ ನೋಡಿಕೊಳ್ಳಲು ಪಳಗಿದ ಕೈ ಬೇಕೆಂದು ಅವಳನ್ನೇ ಕರೆಸಿಕೊಂಡಳು. ಮನೆಯಲ್ಲಿ ಚಿಕ್ಕಮ್ಮನ ಮಾತೇ ಮಾತು, ಕೆಲಸದಲ್ಲಿ ಮಗಳದ್ದು. ಮನೆಯ ಬೈಗುಳವನ್ನೆಲ್ಲ ಗೇಟಿನ ಹೊರಗೇ ಇಳಿಸಿ ಬರುತ್ತೇನೆಂದು ಚಿಕ್ಕಮ್ಮ ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು.

ಬಿಸಿ ಹೈಡ್ರೋಜನ್ ಹರಿಯುವ ಕೊಳವೆಗಳದ್ದು ವಿಚಿತ್ರ ಕಷ್ಟ. ಹೊರಗೆ ಗಟ್ಟಿಮುಟ್ಟಾಗಿ ಕಂಡರೂ ಒಳಗೊಳಗೇ ಶಿಥಿಲವಾಗುತ್ತವೆ. ಹೈಡ್ರೋಜನ್ನಿನಷ್ಟು ಹಗುರ ಅನಿಲ ಇನ್ನೊಂದಿಲ್ಲ. ಉಕ್ಕಿನೊಳಕ್ಕೇ ನುಸುಳಿ, ಅದರ ಇಂಗಾಲವನ್ನು ಕದ್ದು, ಹರಳು ಹರಳಿನ ನಡುವೆ ಬಿರುಕು ಬಿಡಿಸುತ್ತದೆ. ಅದನ್ನು ತಡೆಯಲು ಮಗಳು ಕೊಳವೆಯ ಮೈಗೆ ಅಲ್ಯೂಮಿನಿಯಂ ಉಣಿಸಿ ಕಾಯಿಸುತ್ತಿದ್ದಳು. ಆಗ ಆ ಅಲ್ಯೂಮಿನಿಯಂ ಪದರದ ಮೇಲೆ ಒಂದು ಪೊರೆ ಕಟ್ಟುತ್ತಿತ್ತು. ತಲೆಕೂದಲನ್ನು ಉದ್ದಕ್ಕೆ ನೂರಾಗಿ ಸೀಳಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟೇ ದಪ್ಪ. ಇದಕ್ಕಿಂತ ಸೊಳ್ಳೆ ಪರದೆ ವಾಸಿ ಎನ್ನುತ್ತಿದ್ದಳು ಚಿಕ್ಕಮ್ಮ.

ಬಿಸಿ ಹೈಡ್ರೋಜನ್ ತುಂಬಿದ ಕುಲುಮೆಯೊಳಗಿನ ದೀರ್ಘ ಪರೀಕ್ಷೆಗೆ ಎರಡು ಕೊಳವೆ ಸಿದ್ಧವಾದವು, ಒಂದು ಬರಿಮೈಯದು, ಒಂದು ಪೊರೆಯದು. ಪೊರೆಯದನ್ನು ಕುಲುಮೆಗೆ ಇಳಿಸುವಾಗ ಚಿಕ್ಕಮ್ಮನ ಕೈಯಿಂದ ಸ್ಪ್ಯಾನರ್ ಜಾರಿ, ಬೆರಳುದ್ದದ ಗೀರು ಬಿತ್ತು. ಅವಳು ಆ ಕ್ಷಣವೇ ಕರೆದು ತೋರಿಸಿದಳು. ಮಗಳು ಮಸೂರ ಹಿಡಿದು ನೋಡಿದಳು. ಪೊರೆ ಹರಿದಿತ್ತು. ಬದಲಿಗೆ ಬೇರೆ ಕೊಳವೆ ಇರಲಿಲ್ಲ.

"ಹಾಗೇ ಇಳಿಸು," ಎಂದಳು ಮಗಳು. "ಎಲ್ಲಿ ಸೋಲುತ್ತೆ ಅಂತಲಾದರೂ ತಿಳಿಯಲಿ."

ಕುಲುಮೆ ಉರಿದಷ್ಟು ಕಾಲವೂ ಚಿಕ್ಕಮ್ಮನಿಗೆ ಊಟ ರುಚಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರ ಹಾಗೆ ಒತ್ತಡದ ಮುಳ್ಳನ್ನೇ ನೋಡುತ್ತ ಕೂರುತ್ತಿದ್ದಳು. ಮಗಳು ಎಷ್ಟು ಸಮಾಧಾನ ಹೇಳಿದರೂ ಕಲ್ಲಿನ ಮೇಲೆ ನೀರು ಸುರಿದಂತಾಗುತ್ತಿತ್ತು.

ಕೊನೆಗೆ ಕುಲುಮೆ ಆರಿಸಿ, ತಣಿಸಿ, ತೆರೆದರು. ಬರಿಮೈಯ ಕೊಳವೆಯನ್ನು ಮೇಜಿನ ಇಕ್ಕಳಕ್ಕೆ ಕಚ್ಚಿಸಿ ಬಗ್ಗಿಸಹೋದರೆ, ಒಣಪುಳ್ಳೆಯಂತೆ ಲಟಕ್ಕನೆ ಮುರಿಯಿತು. ಪೊರೆಯದು ಕೊಕ್ಕೆಯ ಹಾಗೆ ಬಗ್ಗಿತು, ಮುರಿಯಲಿಲ್ಲ. ಗೀರಿದ್ದ ಜಾಗವನ್ನು ಮಗಳು ಅಡ್ಡಕ್ಕೆ ಕೊಯ್ದು, ಉಜ್ಜಿ ನಯ ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಪರದೆಯ ಮೇಲೆ ಗೀರು ಒಂದು ಕಣಿವೆಯಷ್ಟು ದೊಡ್ಡದಾಗಿ ತೆರೆದುಕೊಂಡಿತು. ಅದರ ಒಂದು ದಂಡೆಯಿಂದ ಇಳಿದು, ತಳವನ್ನೆಲ್ಲ ಸುತ್ತಿ, ಇನ್ನೊಂದು ದಂಡೆ ಹತ್ತಿತ್ತು ಹೊಸದೊಂದು ಎಳೆ. ಎಲ್ಲೂ ಕಡಿದಿರಲಿಲ್ಲ. ಅದರ ಕೆಳಗಿನ ಲೋಹದಲ್ಲಿ ಒಂದು ಬಿರುಕೂ ಇರಲಿಲ್ಲ. ಮಗಳ ಕೈ ಸೂಕ್ಷ್ಮದರ್ಶಕದ ಗುಂಡಿಯ ಮೇಲೆ ಹಾಗೇ ನಿಂತಿತು. ಪಕ್ಕದ ಮೇಜಿನವರೂ ಎದ್ದು ಬಂದು ನಿಂತರು.

ಚಿಕ್ಕಮ್ಮ ಬಹಳ ಹೊತ್ತು ನೋಡಿದಳು. "ಗಾಯ ಆಗಿದೆ ಅಂತ ಇದಕ್ಕೆ ಹೇಳಿದವರು ಯಾರು?"

"ಯಾರೂ ಹೇಳಿಲ್ಲ, ಚಿಕ್ಕಮ್ಮ. ಪೊರೆ ಹರಿದಾಗ ಕೆಳಗಿನ ಅಲ್ಯೂಮಿನಿಯಂ ಹೊರಗೆ ಕಾಣಿಸಿಕೊಳ್ತು. ಗ್ಯಾಸಿನಲ್ಲಿ ಎಲ್ಲೋ ಒಂಚೂರು ತೇವ ಇತ್ತು. ಅದರಿಂದ ಆಕ್ಸಿಜನ್ ಎಳ್ಕೊಂಡು ತಾನೇ ಹೊಸ ಪೊರೆ ಕಟ್ಟಿಕೊಂಡಿದೆ."

ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಇದೇ ಮೊದಲು ಎಂದೂ ಸೇರಿಸಿದಳು. ಬೆಂಕಿಯೊಳಗೆ, ಯಾರ ಕಣ್ಣಿಗೂ ಬೀಳದೆ ಇದೆಲ್ಲ ನಡೆದದ್ದು ನೆನೆದು ಚಿಕ್ಕಮ್ಮನ ತೋಳು ನವಿರೆದ್ದಿತು. ಕಬ್ಬಿಣವೆಂದರೆ ಇಟ್ಟಲ್ಲಿ ಇಟ್ಟಹಾಗಿರುವ ವಸ್ತು ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

ಆಮೇಲೆ ಬೇಕೆಂದೇ ಬೇರೆ ಬೇರೆ ಆಳದ ಗೀರು ಹಾಕಿ ನೋಡಿದರು. ಮೇಲುಮೇಲಿನವು ಮುಚ್ಚಿಕೊಂಡವು. ಅಲ್ಯೂಮಿನಿಯಂ ಪದರವನ್ನೂ ದಾಟಿ ಹೋದದ್ದು ಮುಚ್ಚಿಕೊಳ್ಳಲಿಲ್ಲ. ಅಲ್ಲಿ ಬಿರುಕು ಬಿಟ್ಟಿತ್ತು. ಪದರ ಎಷ್ಟು ಆಳಕ್ಕಿರಬೇಕೆಂದು ಮಗಳಿಗೆ ಅದರಿಂದಲೇ ಗೊತ್ತಾಯಿತು.

ಆ ಲೆಕ್ಕದ ಮೇಲೆ ಮಾಡಿದ ಕೊಳವೆಗಳು ಕಾರ್ಖಾನೆಗೆ ಹೊರಟ ದಿನ ಚಿಕ್ಕಮ್ಮ ಒಂದೊಂದನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಲಾರಿ ಕಾಯುತ್ತಿತ್ತು. ಇಷ್ಟೊಂದು ಉಪಚಾರ ಯಾಕೆ, ಗೀರು ಬಿದ್ದರೆ ತಾನೇ ಮಾಯಿಸಿಕೊಳ್ಳುತ್ತಲ್ಲ ಎಂದು ಮಗಳು ರೇಗಿಸಿದಳು.

"ಮಾಯಿಸಿಕೊಳ್ಳುತ್ತೆ ಅಂತ ನೋಯಿಸೋಕಾಗುತ್ತಾ?" ಎಂದು ಚಿಕ್ಕಮ್ಮ ಇನ್ನೊಂದು ಬಟ್ಟೆ ಅವಳ ಕಡೆಗೆ ಎಸೆದಳು.