ಮಿನುಗದ ದೀಪ

ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಭಾನುಪ್ರಿಯಾಳ ಬೆರಳು ಡಿಸ್ಕ್ ಪೆಟ್ಟಿಗೆಯ ನಾಲ್ಕನೇ ಡಬ್ಬಿಯ ಹಿಡಿಯ ಮೇಲಿತ್ತು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಫೋನಿನಲ್ಲಿ ಸ್ಟುಡಿಯೋ ಯಜಮಾನ ಗೋವಿಂದರಾಜು ಹೊಸಕೋಟೆಯ ಯಾವುದೋ ಛತ್ರದಿಂದ ಕೂಗುತ್ತಿದ್ದ.

"ಮೇಲೆ 'ಎಕ್ಸ್‌ಟ್ರಾ' ಅಂತ ಚೀಟಿ ಅಂಟಿಸಿದೀನಲ್ಲಮ್ಮ! ಎಳೆದು ಆಚೆ ಇಡು. ಡಿಸ್ಕ್ ತೆಗೆಯೋಕೂ ಮುಹೂರ್ತ ನೋಡ್ಬೇಕಾ?"

ದೇವನಹಳ್ಳಿ ಹಳೇ ಬಸ್‌ಸ್ಟ್ಯಾಂಡಿನ ಆ ಸ್ಟುಡಿಯೋ ತೆಗೆದ ಹದಿನಾಲ್ಕು ವರ್ಷದ ಮದುವೆ, ನಾಮಕರಣಗಳೆಲ್ಲ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿದ್ದವು. ಮೂರು ಡಿಸ್ಕು ಸೇರಿ, ಅವನ್ನು ಒಂದಾಗಿಸುವ ತಂತ್ರಾಂಶ ಜೆಡ್‌ಎಫ್‌ಎಸ್‌ನ ಒಂದೇ ಕಣಜ. ಜಾಗ ಉಳಿಸಲೆಂದು ಗೋವಿಂದರಾಜು ನಕಲಿಲ್ಲದೆ ಜೋಡಿಸಿದ್ದ. ಒಂದೊಂದು ವಿಡಿಯೋವೂ ಮೂರಕ್ಕೂ ಹಂಚಿಹೋಗಿತ್ತು; ಒಂದು ಡಿಸ್ಕು ಹೋದರೂ ಎಲ್ಲ ಹೋದಂತೆ. ಇವುಗಳ ಜೊತೆಗಿದ್ದ 'ಎಕ್ಸ್‌ಟ್ರಾ' ಒಂದು ಸಹಾಯಕ ಡಿಸ್ಕು. ಆಗಾಗ ಬೇಕಾಗುವುದರ ಪ್ರತಿಯನ್ನಷ್ಟೇ ಕೈಗೆಟಕುವಂತೆ ಇಟ್ಟುಕೊಳ್ಳುತ್ತಿತ್ತು, ಒಲೆಯ ಪಕ್ಕದ ಸಾಸಿವೆ ಡಬ್ಬಿಯ ಹಾಗೆ. ಈಗ ಅದು ಕೆಟ್ಟು, ಯಾವ ವಿಡಿಯೋ ಹಾಕಿದರೂ ತಡವರಿಸುತ್ತಿತ್ತು. ಪೆಟ್ಟಿಗೆಯನ್ನು ಆರಿಸಿ ನೋಡುವ ಧೈರ್ಯವಿರಲಿಲ್ಲ. ಹೋದ ವಾರ ಆರಿಸಿದ್ದು ಮತ್ತೆ ಹೊತ್ತಿಕೊಳ್ಳಲು ಅರ್ಧ ದಿನ ಹಿಡಿದಿತ್ತು.

"ಭಾನಮ್ಮ, ತಡಿ." ಗುಡಿಸುತ್ತಿದ್ದ ಕದಿರಮ್ಮ ಪೊರಕೆ ಬಿಟ್ಟು ಬಂದಳು. "ಆಯುಧಪೂಜೇಲಿ ಚೀಟಿ ಕಿತ್ತಿದ್ದು ನಾನೇ. ಜಿಡ್ಡಾಗಿದ್ವು. ಒರೆಸಿ, ಕುಂಕುಮ ಇಟ್ಟು, ಮತ್ತೆ ಅಂಟಿಸ್ದೆ. ಯಾವುದು ಯಾವುದರ ಮೇಲಿತ್ತೋ... ನಂಗೇನು ಓದೋಕ್ ಬರ್ತದಾ?"

ಭಾನುಪ್ರಿಯಾ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು. ಫೋನಿಟ್ಟಳು.

ಕದಿರಮ್ಮನ ಮಗಳು ಹರ್ಷಿತ ಆ ಪೆಟ್ಟಿಗೆಯಲ್ಲಿದ್ದಳು. ಡೆಂಗಿ ಜ್ವರದಲ್ಲಿ ತೀರಿಕೊಳ್ಳುವ ಮೂರು ತಿಂಗಳ ಮೊದಲು ಹತ್ತಿರದ ಚನ್ನರಾಯಪಟ್ಟಣದ ಒಂದು ನಾಮಕರಣದಲ್ಲಿ ಹಾಡಿದ ತೊಟ್ಟಿಲ ಪದ, ನಾಲ್ಕು ನಿಮಿಷ. ದಿನಾ ಕೆಲಸ ಮುಗಿಸಿ ಕದಿರಮ್ಮ ಅದನ್ನು ನೋಡಿಕೊಂಡೇ ಹೋಗುತ್ತಿದ್ದಳು. ಮೊಬೈಲಿಗೆ ಹಾಕಿಕೊಡುತ್ತೇನೆಂದರೆ, "ಬ್ಯಾಡ ಕಣಮ್ಮ, ಅವರಪ್ಪ ನೋಡಿದ್ರೆ ಮೂರು ದಿನ ಅನ್ನ ಮುಟ್ಟಲ್ಲ" ಎಂದಿದ್ದಳು. ಬೇರೆಲ್ಲೂ ಪ್ರತಿಯಿರಲಿಲ್ಲ.

"ಕೂಸು ಹೋಯ್ತಾ ಭಾನಮ್ಮ?"

"ಇಲ್ಲ. ಇನ್ನೂ ಏನೂ ಮುಟ್ಟಿಲ್ಲ. ಕೂತ್ಕೊ."

ಮೊದಲು ಕಣಜಕ್ಕೆ ಹೇಳಬೇಕು, ಸಹಾಯಕನನ್ನು ಬಿಟ್ಟುಕೊಡು ಎಂದು. ಭಾನುಪ್ರಿಯಾ ಒಂದೊಂದೇ ಅಕ್ಷರ ಸರಿನೋಡಿ ಒತ್ತಿದಳು. ಪರದೆಯ ಪಟ್ಟಿಯಲ್ಲಿ ಮೂರೇ ಹೆಸರು ಉಳಿದವು. ಆದರೆ ಹೊರಗೆ ನಾಲ್ಕು ಡಬ್ಬಿಗಳೂ ಒಂದೇ ತೆರ. ಡಿಸ್ಕಿನ ನಂಬರು ಓದಬೇಕಾದರೆ ಎಳೆದೇ ನೋಡಬೇಕು.

ಅವಳು ಆ ನಾಮಕರಣದ ವಿಡಿಯೋ ಹುಡುಕಿ ತೆಗೆದಳು. ಆಮೇಲೆ ಅಂದಳು, "ಹರ್ಷಿತನ್ನ ಹಾಡಿಸ್ತೀನಿ. ಅವಳಿರೋ ಡಬ್ಬಿಗಳ ದೀಪ ಮಿನುಗ್ತವೆ. ಮಿನುಗದೆ ಇರೋದು ಯಾವುದು, ನೀನೇ ನೋಡಿ ಹೇಳು."

ಪದ ಶುರುವಾಯಿತು. ಅಂದು ಮೊದಲ ಸಲ ಕದಿರಮ್ಮ ಮಗಳ ಮುಖ ನೋಡಲಿಲ್ಲ. ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಸೆರಗು ಬಾಯಿಗೊತ್ತಿ, ಒಣಗಿದ ಕುಂಕುಮದ ಪಕ್ಕದ ಹಸಿರು ಚುಕ್ಕಿಗಳನ್ನೇ ದಿಟ್ಟಿಸಿದಳು.

"ಮೊದಲ್ನೇದು ಮಿನುಗ್ತದೆ... ಮೂರ್ನೇದು... ನಾಕ್ನೇದೂವೆ. ಎಲ್ಡನೇದು ಸುಮ್ಕದೆ."

"ಇನ್ನೊಂದ್ಸಲ ನೋಡು."

"ಸುಮ್ಕದೆ ಕಣಮ್ಮ."

ಭಾನುಪ್ರಿಯಾ ಎರಡನೆಯದರ ಹಿಡಿ ಒತ್ತಿ ಎಳೆದಳು.

ಹಾಡು ನಿಂತಿತು.

ತಪ್ಪು ಡಿಸ್ಕನ್ನೇ ಎಳೆದೆನೆಂದುಕೊಂಡಳು ಭಾನುಪ್ರಿಯಾ. ಕದಿರಮ್ಮನತ್ತ ತಿರುಗುವುದಕ್ಕೂ ಆಗಲಿಲ್ಲ.

"ಇಲ್ಲಿ ನಿಲ್ತಾಳೆ," ಕದಿರಮ್ಮ ಮೇಜಿನ ಕೆಳಗಿನಿಂದ ಮೆಲ್ಲಗೆ ಹೇಳಿದಳು. "ಇಮಾನ ಹೋಗ್ಲಿ, ತಡಿ."

ಸ್ಪೀಕರಿನಲ್ಲಿ ವಿಮಾನದ ಮೊರೆತ ಏರಿತು. ಪರದೆಯ ಮೇಲೆ ತೊಟ್ಟಿಲ ಹಗ್ಗ ಹಿಡಿದ ಹುಡುಗಿ ತಲೆಯೆತ್ತಿ, ಸದ್ದು ದೂರವಾಗುವವರೆಗೆ ಕಾದು, ಬಿಟ್ಟಲ್ಲಿಂದ ಮತ್ತೆ ಹಾಡತೊಡಗಿದಳು.

ಕದಿರಮ್ಮ ಎದ್ದು ಪೊರಕೆ ಎತ್ತಿಕೊಂಡಳು. ಪದ ಮುಗಿಯುವವರೆಗೂ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದಳು.