ಎರಡು ಪೆಟ್ಟಿಗೆಗಳ ನಡುವೆ

"ರಾಣಿ ಇದೆ. ಎಲ್ಲೋ ಅವಿತಿರಬೇಕು, ಅಷ್ಟೇ," ಎನ್ನುತ್ತಾ ಮಗಳು ಜೇನುಪೆಟ್ಟಿಗೆಯ ಚೌಕಟ್ಟನ್ನು ಮತ್ತೆ ಬಿಸಿಲಿಗೆ ಹಿಡಿದಳು.

ರಾಣಿಜೇನು ಇದ್ದಿದ್ದರೆ ಮೇಣದ ಎರಿಯ ಗೂಡುಗಳ ತಳದಲ್ಲಿ ಬಿಳಿ ಎಳೆಯಂಥ ಮೊಟ್ಟೆಗಳು ಕಾಣಬೇಕಿತ್ತು. ಎಲ್ಲವೂ ಖಾಲಿ. ಆದರೆ ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಇದು ತೀರಿಹೋದ ಅಮ್ಮ ಸಾಕಿದ ಪೆಟ್ಟಿಗೆ. ಬೇರೆ ಯಾರೂ ಮುಟ್ಟಕೂಡದು. ಅಪ್ಪನ ಹೊಸ ಹೆಂಡತಿ ತವರಿನಿಂದ ತನ್ನದೊಂದು ಪೆಟ್ಟಿಗೆ ತಂದು ತಾರಸಿಯಲ್ಲಿ ಇದರ ಪಕ್ಕಕ್ಕೇ ಇಟ್ಟಾಗ, ನಡುವೆ ಹಳೆಯ ತಗಡೊಂದನ್ನು ನಿಲ್ಲಿಸಿದವಳೂ ಇವಳೇ. ಆಕೆಯನ್ನು ಇವಳು ಇದುವರೆಗೆ ಏನೆಂದೂ ಕರೆದಿರಲಿಲ್ಲ. ಇಬ್ಬರೂ ಜಗಳವಾಡಿದವರಲ್ಲ, ಜಗಳಕ್ಕಾದರೂ ಮಾತು ಬೇಕಲ್ಲ!

"ಹೊಸ ರಾಣಿ ಬೆಳೆಸೋಕೆ ಎಳೆ ಮರಿನೂ ಉಳಿದಿಲ್ಲ," ಎಂದರು ಆಕೆ ತಗಡಿನಾಚೆಯಿಂದ. "ಹೀಗೇ ಬಿಟ್ರೆ ಎಲ್ಲಾ ಸಾಯ್ತಾವೆ. ನನ್ನ ಪೆಟ್ಟಿಗೆಗೆ ಸೇರಿಸೋಣ."

"ಆಮೇಲೆ ಅಮ್ಮನ ಪೆಟ್ಟಿಗೆ ಅಂತಾನೇ ಇರಲ್ಲ, ಅಲ್ವಾ?"

"ಜೇನುಹುಳ ಉಳಿಯುತ್ತೆ," ಎಂದರು ಆಕೆ.

ಮಗಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಸಂಜೆಯವರೆಗೆ ಮುಖ ಊದಿಸಿಕೊಂಡು ಅಲ್ಲೇ ಕೂತಳು. ರಾಣಿಯಿಲ್ಲದ ಪೆಟ್ಟಿಗೆ ಒಂದೇ ಸಮನೆ ಮುಲುಗುತ್ತಿತ್ತು. ಕೊನೆಗೆ ಅವಳೇ ಎದ್ದು ತಗಡನ್ನು ಸರಿಸಿದಳು.

"ಎಲ್ಲಾ ಒಳಗೆ ಸುರಿದುಬಿಡ್ಲಾ?"

"ಅಯ್ಯೋ, ಬೇಡ! ಇವುಗಳ ವಾಸನೆ ಬೇರೆ, ಅವುಗಳ ವಾಸನೆ ಬೇರೆ. ಒಂದೇ ಸಲ ಸೇರಿಸಿದ್ರೆ ಕಚ್ಚಾಡಿ ಸಾಯ್ತಾವೆ." ಆಕೆ ಓಡಿಹೋಗಿ ಅಪ್ಪನ ಪೇಪರ್ ತಂದರು. ತಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು ಹಾಳೆ ಹಾಸಿ, ಸೂಜಿಯಿಂದ ನಾಲ್ಕಾರು ತೂತು ಚುಚ್ಚಿದರು. ತಳದ ಹಲಗೆ ಬಿಡಿಸಿದ ಅಮ್ಮನ ಪೆಟ್ಟಿಗೆಯನ್ನು ಇಬ್ಬರೂ ಹಿಡಿದು ಅದರ ಮೇಲೆ ಕೂರಿಸಿದರು. "ಎರಡೂ ಕಡೆಯಿಂದ ಕಡೀತಾವೆ. ಪೇಪರ್ ಹರಿಯೋ ಹೊತ್ತಿಗೆ ವಾಸನೆ ಒಂದಾಗಿರುತ್ತೆ. ಅಲ್ಲೀತನಕ ತೆಗೆದು ನೋಡಬಾರದು."

"ಹರೀದೇ ಇದ್ರೆ?"

"ಕಾಯೋದು."

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಓದದೆ ಉಳಿದ ಆ ಪೇಪರಿಗಾಗಿ ಅಪ್ಪ ಇನ್ನೂ ಮನೆಯೆಲ್ಲ ಜಾಲಾಡುತ್ತಿದ್ದರು. ಮಗಳು ತಾರಸಿಯಲ್ಲಿ ಪೆಟ್ಟಿಗೆಯ ಮುಂದೆ ಮೊಣಕಾಲೂರಿದ್ದಳು. ನೆಲದ ಮೇಲೆ ಕಾಗದದ ಪುಡಿ ಬಿದ್ದಿತ್ತು. ಸತ್ತ ಹುಳ ಒಂದೂ ಇರಲಿಲ್ಲ.

"ಅಪ್ಪಾ, ನಿಮ್ಮ ಪೇಪರನ್ನ ಹುಳಗಳು ಓದಿ ಮುಗಿಸಿದ್ವು!" ಎಂದು ಕೂಗಿ, ಒಂದು ಗಳಿಗೆ ತಡೆದಳು. "ಚಿಕ್ಕಮ್ಮಾ, ಬೇಗ ಬನ್ನಿ!"

ಅಡುಗೆಮನೆಯಲ್ಲಿ ಪಾತ್ರೆಯೊಂದು ಕೈಜಾರಿ ಬಿದ್ದ ಸದ್ದಾಯಿತು. ಇಲ್ಲಿ ಒಂದು ಹುಳ ಕಾಗದದ ಚೂರನ್ನು ಪೆಟ್ಟಿಗೆಯ ಬಾಗಿಲಿನವರೆಗೆ ಎಳೆದು ತಂದು, ಕೆಳಗೆ ಹಾಕಿ, ಮತ್ತೆ ಒಳಗೆ ಹೋಯಿತು.